‘ಏನು ಮಾಡಲಿ ಅಂತ ಕೇಳಿದರೆ ಅವರು ಹೇಳಲೇ ಇಲ್ಲ, ಇದಕ್ಕೂ ಫೀಸಾ?’

ಪ್ರಶ್ನೆ: ನನಗೆ 36 ವರ್ಷ. ಶಿಡ್ಲಘಟ್ಟದಲ್ಲಿ ಅಪ್ಪನ ಕಾಲದ ರೇಷ್ಮೆ ರೀಲಿಂಗ್ ಘಟಕ ಇತ್ತು. ಸಾಲ ಜಾಸ್ತಿಯಾಗಿ ಎರಡು ವರ್ಷದ ಹಿಂದೆ ಮುಚ್ಚಿದೆವು. ಈಗಲೂ ರೇಷ್ಮೆಗೂಡಿನ ಮಾರುಕಟ್ಟೆ ಮುಂದೆ ಹೋಗಲಾಗದೆ ಬೇರೆ ರಸ್ತೆಯಲ್ಲಿ ಸುತ್ತಿಕೊಂಡು ಹೋಗುತ್ತೇನೆ. ಮನೆಯಲ್ಲಿ ಸುಮ್ಮಸುಮ್ಮನೆ ರೇಗುತ್ತೇನೆ. ಭಾವಮೈದ ಬೆಂಗಳೂರಿನ ಒಬ್ಬ ಕೌನ್ಸೆಲರ್ ಹತ್ತಿರ ಕಳಿಸಿದ. ಅವರು ಮಾಡುವುದು ಹ್ಯೂಮನಿಸ್ಟಿಕ್ ಥೆರಪಿ ಅಂತೆ. ಮೂರು ಸಲ ಹೋದೆ. ಸಲಕ್ಕೆ 1,200 ರೂಪಾಯಿ, ಬಸ್ ಚಾರ್ಜು ಬೇರೆ. ಒಂದೇ ಒಂದು ಸಲಹೆ ಕೊಡಲಿಲ್ಲ. ‘ನಾನೀಗ ಏನು ಮಾಡಲಿ ಮೇಡಂ’ ಎಂದರೆ, ‘ಯಾರಾದರೂ ಹೇಳಿಬಿಟ್ಟರೆ ಸಾಕು ಅನ್ನುವಷ್ಟು ಸುಸ್ತಾಗಿದ್ದೀರಿ ಅಲ್ವಾ’ ಎಂದರು. ಅದು ನನಗೇ ಗೊತ್ತಿಲ್ವಾ ಸಾರ್? ಇದು ಚಿಕಿತ್ಸೆಯೇ? ಸರಿಯಾದವರನ್ನು ಹುಡುಕುವುದು ಹೇಗೆ?
– ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ಒಂದು ವಿಷಯ ಗಮನಿಸಿದಿರಾ? ಭಾವಮೈದ ಹೇಳಿದ ಬುದ್ಧಿಮಾತು ಒಂದೂ ನಿಮ್ಮ ಪತ್ರದಲ್ಲಿಲ್ಲ. ಬೈದುಕೊಂಡೇ ಬರೆದರೂ ಆ ಮೇಡಂ ಆಡಿದ ಮಾತನ್ನು ಮಾತ್ರ ಹಾಗೇ ಬರೆದಿದ್ದೀರಿ. ಅದು ಎಲ್ಲೋ ತಾಕಿದೆ.

ಹೌದು, ಇದು ಚಿಕಿತ್ಸೆಯೇ. ಹ್ಯೂಮನಿಸ್ಟಿಕ್, ಅಂದರೆ ಮನುಷ್ಯನನ್ನೇ ನಡುವೆ ಇಟ್ಟು ನೋಡುವ ಈ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಮುಖ್ಯರಾದವರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902–1987). ಎದುರಿಗೆ ಕೂತವರನ್ನು ಪೇಷೆಂಟ್ ಎನ್ನದೆ ಕ್ಲೈಂಟ್ ಎಂದು ಕರೆದವರು. ನೋವು ಎಲ್ಲಿದೆ, ಯಾವ ಕಡೆ ಹೆಜ್ಜೆ ಇಡಬೇಕು ಎನ್ನುವುದು ಆ ಮನುಷ್ಯನಿಗೇ ಚೆನ್ನಾಗಿ ಗೊತ್ತಿರುತ್ತದೆ, ಅದು ಹೊರಗೆ ಬರುವಂಥ ಜಾಗ ಮಾಡಿಕೊಡುವುದಷ್ಟೇ ತಮ್ಮ ಕೆಲಸ ಎನ್ನುವುದು ಅವರ ನಂಬಿಕೆ. ಅದಕ್ಕೆ ಏನೇನು ಬೇಕು ಎಂದು 1957ರ ಒಂದು ಲೇಖನದಲ್ಲಿ ಬರೆದರು. ಅದರಲ್ಲಿ ಥೆರಪಿಸ್ಟ್ ಮಾಡಬೇಕಾದದ್ದು ಮೂರು. ನಿಮ್ಮ ಜಾಗದಲ್ಲಿ ನಿಂತು ಅರ್ಥ ಮಾಡಿಕೊಳ್ಳುವುದು. ನೀವು ಏನು ಹೇಳಿದರೂ ನಿಮ್ಮನ್ನು ಕೀಳಾಗಿ ನೋಡದಿರುವುದು. ಮತ್ತೆ, ಒಳಗೊಂದು ಹೊರಗೊಂದು ಇಟ್ಟುಕೊಂಡು ನಾಟಕ ಆಡದಿರುವುದು. ಕೇಳುವುದಕ್ಕೆ ಸುಲಭ. ಮೂರನೆಯದನ್ನು ಮನೆಯಲ್ಲಿ ಒಂದು ದಿನ ಮಾಡಿ ನೋಡಿ, ಗೊತ್ತಾಗುತ್ತದೆ.

ನಮ್ಮ ಕಡೆ ಸಲಹೆಗೇನೂ ಬರ ಇಲ್ಲವಲ್ಲ. ಕಷ್ಟ ಅಂತ ಬಾಯಿ ಬಿಟ್ಟರೆ ಕಾಫಿ ಆರುವ ಮೊದಲೇ ನಾಲ್ಕು ಜನ ನಾಲ್ಕು ದಾರಿ ತೋರಿಸಿರುತ್ತಾರೆ. ‘ಬಿಡಪ್ಪ, ಧೈರ್ಯ ತಗೋ’ ಎಂದವರಿಗೆ ಆಮೇಲೆ ಉಳಿದದ್ದನ್ನು ಹೇಳುವುದು ಹೇಗೆ? ಹಾಗಾಗಿ ಪೂರ್ತಿ ಮಾತು ಯಾರ ಮುಂದೆಯೂ ಆಗುವುದೇ ಇಲ್ಲ. ಆ ಮೇಡಂ ಬೇಕೆಂದೇ ಸಲಹೆ ತಡೆದು ಹಿಡಿದಿರುತ್ತಾರೆ. ಮಾರುಕಟ್ಟೆ ರಸ್ತೆಯ ಮಾತು ತೆಗೆದರೆ ‘ನಾಳೆಯಿಂದ ಅದೇ ರಸ್ತೆಯಲ್ಲಿ ಹೋಗಿ’ ಎಂದು ಅವರು ಹೇಳುವುದಿಲ್ಲ. ಆ ಗೇಟು ಹತ್ತಿರ ಬಂದಾಗ ಒಳಗೆ ಏನಾಗುತ್ತದೆ ಎಂದು ಕೇಳಬಹುದು. ಹರಾಜಿನಲ್ಲಿ ಜೊತೆಗೆ ನಿಲ್ಲುತ್ತಿದ್ದವರ ಕಣ್ಣಿಗೆ ಬೀಳುವ ನಾಚಿಕೆಯೋ, ನೂಲು ತೆಗೆಯುವ ಬೇಸಿನ್ ಮುಂದೆ ಕೂತ ಅಪ್ಪನ ಮುಖ ನೆನಪಾಗುವುದೋ, ಸಾಲ ಕೊಟ್ಟವರ ಮೇಲಿನ ಸಿಟ್ಟೋ, ನನಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ, ಬಹುಶಃ ನಿಮಗೂ ಇನ್ನೂ ಸರಿಯಾಗಿ ಗೊತ್ತಿಲ್ಲ. ನಾಚಿಕೆಗೆ ಒಂದು ದಾರಿ, ಸಿಟ್ಟಿಗೆ ಇನ್ನೊಂದು. ಯಾವುದೆಂದು ಗೊತ್ತಾಗುವ ಮೊದಲೇ ಕೊಟ್ಟ ಸಲಹೆ ಏನು ಪ್ರಯೋಜನ?

ಇದೇ ಬಳಗದ ಗೆಸ್ಟಾಲ್ಟ್ ಎಂಬ ಪದ್ಧತಿಯಲ್ಲಿ ಎದುರಿಗೆ ಖಾಲಿ ಕುರ್ಚಿ ಇಟ್ಟು, ಅಲ್ಲಿ ಅಪ್ಪ ಕೂತಿದ್ದಾರೆ ಅಂದುಕೊಂಡು ಮಾತಾಡಿ ಎನ್ನುವುದೂ ಉಂಟು. ನನಗೂ ಒಬ್ಬರು ಒಮ್ಮೆ ಹೀಗೇ ಹೇಳಿದರು. ಏನಿದು ಬಯಲಾಟ ಅಂತ ನಗು ಬಂತು. ಎರಡು ನಿಮಿಷ ಆ ಪ್ಲಾಸ್ಟಿಕ್ ಕುರ್ಚಿಯ ಒಡೆದ ಕೈಯನ್ನೇ ನೋಡುತ್ತಾ ಕೂತೆ. ಆಮೇಲೆ ಬಾಯಿಂದ ಬಂದ ಮೊದಲ ಮಾತು ‘ಯಾಕೆ ಒಂದು ಮಾತೂ ಹೇಳಲಿಲ್ಲ ನೀವು?’ ಅದನ್ನು ಕೇಳಬೇಕು ಅಂತ ನಾನು ಅಂದುಕೊಂಡೇ ಇರಲಿಲ್ಲ.

ಹಾಗಂತ ತಪ್ಪೆಲ್ಲ ನಿಮ್ಮದೇ ಅನ್ನುತ್ತಿಲ್ಲ. ತಾವು ಹೇಗೆ ಕೆಲಸ ಮಾಡುತ್ತೇವೆ, ಸಲಹೆ ಯಾಕೆ ಕೊಡುವುದಿಲ್ಲ ಎಂದು ಮೊದಲ ದಿನವೇ ಅವರು ಬಿಡಿಸಿ ಹೇಳಬೇಕಿತ್ತು. ನನಗೆ ಬರೆದ ಈ ದೂರನ್ನು ಅವರಿಗೇ ಹೇಳಿ. ‘ದುಡ್ಡು ದಂಡ ಅನ್ನಿಸ್ತಿದೆ ಮೇಡಂ’ ಅಂತ ಮುಖಕ್ಕೇ ಹೇಳಿ. ಒಳ್ಳೆಯವರಾದರೆ ಆ ಮಾತನ್ನೇ ಹಿಡಿದು ಮುಂದೆ ಹೋಗುತ್ತಾರೆ. ಮುಖ ಊದಿಸಿಕೊಂಡರೆ ಬೇರೆಯವರನ್ನು ನೋಡಿ, ಸಂಕೋಚ ಬೇಡ.

ಇನ್ನು ಹುಡುಕುವ ವಿಷಯ. ಶಿಡ್ಲಘಟ್ಟದಲ್ಲಾಗಲಿ ಚಿಕ್ಕಬಳ್ಳಾಪುರದಲ್ಲಾಗಲಿ ‘ಹ್ಯೂಮನಿಸ್ಟಿಕ್’ ಎನ್ನುವ ಬೋರ್ಡ್ ಹುಡುಕಬೇಡಿ. ಅನೇಕರು ಎರಡು ಮೂರು ಪದ್ಧತಿ ಬೆರೆಸಿಯೇ ಕೆಲಸ ಮಾಡುತ್ತಾರೆ. ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಎಲ್ಲಿದೆ ಎಂದು ಮೊದಲು ಕೇಳಿ. ಖಾಸಗಿಯಾಗಿ ಹೋಗುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ನಂಬರ್ ಕೇಳಿದರೆ ಅದೇನೂ ಅವಮಾನ ಅಲ್ಲ. ಕೌನ್ಸೆಲರ್ ಎಂದು ಬೋರ್ಡ್ ಹಾಕಿಕೊಂಡವರಲ್ಲಿ ಎಲ್ಲ ಥರದವರೂ ಇದ್ದಾರೆ, ಎರಡು ದಿನದ ಸರ್ಟಿಫಿಕೇಟಿನವರೂ ಸೇರಿದಂತೆ. ಎಲ್ಲಿ ಓದಿದಿರಿ, ಎಷ್ಟು ದಿನ ತರಬೇತಿ, ಈಗಲೂ ಹಿರಿಯರೊಬ್ಬರ ಹತ್ತಿರ ನಿಮ್ಮ ಕೆಲಸದ ಬಗ್ಗೆ ಚರ್ಚೆ ಮಾಡುತ್ತೀರಾ, ಫೀಸು ಕಡಿಮೆ ಮಾಡುತ್ತೀರಾ, ಇಷ್ಟನ್ನು ಫೋನಿನಲ್ಲೇ ಕೇಳಿಬಿಡಿ. ವಿಡಿಯೊ ಕಾಲ್ ಆದರೆ ಬಸ್ ಚಾರ್ಜು ಉಳಿಯುತ್ತದೆ, ಆದರೆ ಮನೆಯವರ ಕಿವಿಗೆ ಬೀಳದ ಜಾಗ ಬೇಕು. ಮಹಡಿ ಮೇಲೆ ಹೋಗಿ ಕೂತರೂ ಆಯಿತು.

ಇನ್ನೊಂದು. ನಿಮ್ಮ ಮನೆಮಾತು ತೆಲುಗಾ? ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನಕ್ಕೆ ಲೆಕ್ಕಪತ್ರ ಕನ್ನಡದಲ್ಲಿ, ಅಳು ಸಿಟ್ಟು ತೆಲುಗಿನಲ್ಲಿ. ಹಾಗಿದ್ದರೆ ಎರಡೂ ಬರುವವರು ಸಿಗುತ್ತಾರಾ ನೋಡಿ. ಸಿಟ್ಟನ್ನು ತರ್ಜುಮೆ ಮಾಡುತ್ತಾ ಕೂತರೆ ಅರ್ಧ ಆರಿಹೋಗುತ್ತದೆ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕಿ ಏನು ಪ್ರಯೋಜನ ಅನ್ನಿಸುತ್ತಿದೆ ಎಂದಾದರೆ ಬರೀ ಮಾತಿಗೆ ಕಾಯಬೇಡಿ. ಮನೋವೈದ್ಯರನ್ನು ನೋಡಿ, ಮಾತ್ರೆ ಬೇಕಾದರೆ ತೆಗೆದುಕೊಳ್ಳಿ, ಮಾತ್ರೆ ಜೊತೆಗೇ ಥೆರಪಿಯೂ ನಡೆಯುತ್ತದೆ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡ ತೆಲುಗು ಎರಡರಲ್ಲೂ ಮಾತಾಡಬಹುದು.

ಅಂದಹಾಗೆ, ಸುತ್ತು ಹಾಕಿಕೊಂಡು ಹೋಗುವ ಆ ರಸ್ತೆಯ ವಿಷಯ ನನಗೆ ಪತ್ರದ ಶುರುವಿನಲ್ಲೇ ಬರೆದಿರಿ. ಆ ಮೇಡಂಗೆ ಹೇಳಿದ್ದೀರಾ?