ಅಪ್ಪನ ಕುಡಿತ, ಮಗನ ಅಪಾಯ

ಪ್ರಶ್ನೆ: ಮದ್ಯವ್ಯಸನದಲ್ಲಿ ವಂಶವಾಹಿಗಳ ಪಾಲು ಶೇ 50 ಎಂದು ಓದಿದೆ. ಇದು ಹೇಗೆ ಗೊತ್ತಾಯಿತು? ನನ್ನ ಅಪ್ಪನಿಗೆ ಕುಡಿತದ ಚಟವಿತ್ತು. ನನಗೂ ಅರ್ಧದಷ್ಟು ಅಪಾಯವಿದೆಯೇ?

ಉತ್ತರ: ಇಲ್ಲ. ಆ ಅಂಕಿ ನಿಮ್ಮೊಬ್ಬರದಲ್ಲ. ಒಂದು ಸಮುದಾಯದ ಜನರ ನಡುವಿನ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲೆಷ್ಟು ಎಂಬುದಷ್ಟೇ ಅದರ ಅರ್ಥ.

ಅದು ಸಿಕ್ಕಿದ್ದು ಮುಖ್ಯವಾಗಿ ಅವಳಿಗಳಿಂದ. ಒಂದೇ ಅಂಡದಿಂದ ಹುಟ್ಟಿದವರ ವಂಶವಾಹಿಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಎರಡು ಅಂಡಗಳ ಅವಳಿಗಳು ಸಾಮಾನ್ಯ ಒಡಹುಟ್ಟಿದವರಂತೆ, ಸರಾಸರಿ ಅರ್ಧ ಹಂಚಿಕೊಂಡಿರುತ್ತಾರೆ. ವ್ಯಸನದ ಹೋಲಿಕೆ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಪೂರ್ತಿ ಹೋಲಿಕೆ) ಮೊದಲ ಗುಂಪಿನಲ್ಲಿ 0.55, ಎರಡನೆಯದರಲ್ಲಿ 0.30 ಎಂದಿಟ್ಟುಕೊಳ್ಳಿ. ವ್ಯತ್ಯಾಸ 0.25. ಇದು ಅರ್ಧದಷ್ಟು ವಂಶವಾಹಿಗಳ ಅಂತರದಿಂದ ಬಂದದ್ದು, ಹಾಗಾಗಿ ಅದರ ಎರಡು ಪಟ್ಟು, ಅಂದರೆ 0.50, ವಂಶವಾಹಿಗಳ ಪಾಲು. 0.55ರಲ್ಲಿ ಉಳಿದ 0.05 ಒಂದೇ ಮನೆಯ ಪ್ರಭಾವ. 1ರಲ್ಲಿ ಮಿಕ್ಕ 0.45 ಒಬ್ಬೊಬ್ಬರ ಸ್ವಂತ ಅನುಭವ ಮತ್ತು ಅಳತೆಯ ದೋಷ. ಅವಳಿ ಹಾಗೂ ದತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯಲ್ಲೂ ಸುಮಾರು ಶೇ 49 ಬಂತು.

ಲೆಕ್ಕ ತಪ್ಪುವುದೂ ಉಂಟು. ಒಂದೇ ಅಂಡದ ಅವಳಿಗಳು ಒಂದೇ ಗೆಳೆಯರ ಜತೆ ಕೂತು ಕುಡಿಯುವುದು ಹೆಚ್ಚಾದರೆ ವಂಶವಾಹಿಗಳ ಪಾಲು ಉಬ್ಬಿ ಕಾಣುತ್ತದೆ. ಮುಖ ನೋಡಿಯೇ ಗುಂಪು ಮಾಡಿ ಅದಲುಬದಲಾದರೆ ಕುಗ್ಗುತ್ತದೆ. ಡಿಎನ್‌ಎ ಪರೀಕ್ಷೆ ಮಾಡಿದರೆ ಗುಂಪು ಖಚಿತವಾಗುತ್ತದೆ. ಕುಡಿಯದೇ ಇದ್ದವರನ್ನು ‘ವ್ಯಸನವಿಲ್ಲ’ ಎಂದು ಬರೆದುಕೊಳ್ಳುವುದೂ ಸರಿಯಲ್ಲ, ಅವರ ಒಲವು ಪರೀಕ್ಷೆಗೇ ಒಳಪಟ್ಟಿಲ್ಲ.

ನಿಮ್ಮ ಅಪಾಯ ಇತರರಿಗಿಂತ ಹೆಚ್ಚು, ಆದರೆ ಖಚಿತವಲ್ಲ. ಕುಡಿಯದಿದ್ದರೆ ವ್ಯಸನವೂ ಬಾರದು. ಕುಡಿಯುವವರಾದರೆ, ಜತೆಯವರಿಗಿಂತ ತಡವಾಗಿ ಅಮಲೇರುವುದನ್ನು ಹೆಮ್ಮೆ ಎಂದುಕೊಳ್ಳಬೇಡಿ. ಅಂಥವರಲ್ಲೇ ಮುಂದೆ ವ್ಯಸನ ಹೆಚ್ಚು.