ಅಟ್ಟದಿಂದ ಇಳಿದ ಪ್ರಶ್ನೆಗಳು

1950–60ರ ದಶಕದಲ್ಲಿ ಸಣ್ಣ ಊರುಗಳಲ್ಲಿ ಬೆಳೆದವರ ಅಟ್ಟದಲ್ಲಿ ಇನ್ನೂ ಏನೇನು ಉಳಿದಿದೆ ಎಂದು ಕೇಳಿದ್ದೆವು. ಬಂದ ಕಾಗದಗಳಲ್ಲಿ ನೆನಪಿಗಿಂತ ರಿಪೇರಿಯ ಪ್ರಶ್ನೆಗಳೇ ಜಾಸ್ತಿ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಮೊಮ್ಮಗನಿಗೆ ಜಾತ್ರೆಯಿಂದ ಬುಗುರಿ ತಂದಿದ್ದೇನೆ. ಎಸೆದರೆ ಉರುಳಿ ಹೋಗುತ್ತದೆ, ನಿಂತು ತಿರುಗುವುದಿಲ್ಲ. ತಪ್ಪು ಬುಗುರಿಯದೋ ಕೈಯದೋ? (ತಿಪಟೂರು)

ಮೊದಲು ಮೊಳೆ ನೋಡಿ. ಚಾಟಿ ಇಲ್ಲದೆ ಎರಡು ಬೆರಳಲ್ಲಿ ಹಿಡಿದು ನುಣುಪು ನೆಲದ ಮೇಲೆ ತಿರುಗಿಸಿ. ತಲೆ ಓಲಾಡಿದರೆ ಮೊಳೆ ನಡುವಿನಲ್ಲಿಲ್ಲ, ಅಥವಾ ಓರೆಯಾಗಿದೆ ಎಂದರ್ಥ. ಓರೆಯಾಗಿದ್ದರೆ ಪಕ್ಕದಿಂದ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಸರಿಮಾಡಬಹುದು. ನಡು ತಪ್ಪಿ ಹೊಡೆದದ್ದಾದರೆ ಕಿತ್ತು, ಹಳೆಯ ತೂತಿಗೆ ಮರದ ಚೂರು ತುಂಬಿ, ಹೊಸದಾಗಿ ಕೊರೆಸಬೇಕು. ಕೊರೆಯದೆ ನೇರ ಮೊಳೆ ಬಡಿದರೆ ಬುಗುರಿ ಸೀಳುತ್ತದೆ. ಮೊಳೆ ಹೊರಗೆ ಒಂದು ಸೆಂಟಿಮೀಟರಿನಷ್ಟು ಇದ್ದರೆ ಸಾಕು. ಉದ್ದವಾದಷ್ಟೂ ಬುಗುರಿಯ ಭಾರ ಮೇಲಕ್ಕೆ ಹೋಗಿ ಬೇಗ ಬೀಳುತ್ತದೆ. ತುದಿ ಸೂಜಿಯಂತಿದ್ದರೆ ಮಣ್ಣಿನಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಕಲ್ಲಿಗೆ ಉಜ್ಜಿ ಸ್ವಲ್ಪ ಗುಂಡಗೆ ಮಾಡಿ.

ಆಮೇಲೆ ಚಾಟಿ. ಹುರಿ ಮಾಡಿದ ಹತ್ತಿಯದೇ ಆಗಬೇಕು, ನೈಲಾನ್ ಜಾರುತ್ತದೆ. ಐದು ಸೆಂಟಿಮೀಟರ್ ಅಗಲದ ಬುಗುರಿಗೆ ಒಂದರಿಂದ ಒಂದೂಕಾಲು ಮೀಟರ್ ಚಾಟಿ ಸರಿ. ಒಂದು ತುದಿಯನ್ನು ತುಸು ಒದ್ದೆ ಮಾಡಿ (ಮಕ್ಕಳು ಉಗುಳು ಹಚ್ಚುತ್ತಿದ್ದುದು ಇದಕ್ಕೇ), ಮೊಳೆಯ ಬುಡದಿಂದ ಶುರುಮಾಡಿ ಸುತ್ತಿನ ಪಕ್ಕಕ್ಕೆ ಸುತ್ತು ಒತ್ತಿ ಬರುವಂತೆ ಮೇಲಕ್ಕೆ ಸುತ್ತಿ. ಒಂದರ ಮೇಲೊಂದು ಹತ್ತಿದರೆ ಬಿಚ್ಚುವಾಗ ಸಿಕ್ಕಿಕೊಂಡು ಬುಗುರಿ ಅಡ್ಡ ಬೀಳುತ್ತದೆ. ಇನ್ನೊಂದು ತುದಿಯ ಕುಣಿಕೆ ನಡುಬೆರಳಿಗೆ.

ಕಲಿಯುವವರು ಮೊಳೆ ಕೆಳಗೆ ಮಾಡಿ ಹಿಡಿದು, ಮೊಣಕಾಲಿನ ಎತ್ತರದಿಂದ ಮುಂದಕ್ಕೆ ಬೀಸಿ, ಬುಗುರಿ ನೆಲ ಮುಟ್ಟುವ ಮುಂಚೆಯೇ ಚಾಟಿಯನ್ನು ಹಿಂದಕ್ಕೆ ಎಳೆಯಲಿ. ಬಿದ್ದ ಮೇಲೆ ಎಳೆದರೆ ಉರುಳುವುದೇ ಗತಿ. ತಲೆಯ ಮೇಲಿಂದ ಬೀಸಿ ಹೊಡೆಯುವುದು ಆಮೇಲಿನ ಪಾಠ. ಇನ್ನೊಂದು ಮಾತು: ಹುಡುಗ ಎಡಚನಾಗಿದ್ದರೆ ಸುತ್ತು ಉಲ್ಟಾ ಹಾಕಬೇಕು. ಎಷ್ಟೋ ಮಕ್ಕಳಿಗೆ ‘ಬುಗುರಿ ಬರುವುದಿಲ್ಲ’ ಎನಿಸುವುದು ಇದೊಂದೇ ಕಾರಣಕ್ಕೆ.

ಚನ್ನಪಟ್ಟಣದ ಬಣ್ಣದ ಬುಗುರಿಯಾದರೆ ಅದಕ್ಕೆ ಗುನ್ನ (ಇನ್ನೊಂದು ಬುಗುರಿಯ ಮೊಳೆಯೇಟು) ಹೊಡೆಸಬೇಡಿ. ಅದು ಮೆದುವಾದ ಆಲೆ ಮರದ್ದು. ಒಂದೇ ಏಟಿಗೆ ಅರಗು ಎದ್ದು ಬರುತ್ತದೆ. ಗುನ್ನದ ಆಟಕ್ಕೆ ಗಟ್ಟಿ ಮರದ್ದೇ ಬೇಕು.

ಪ್ರಶ್ನೆ: ನಾಲ್ಕಾಣೆಗೆ 25 ನಯಾ ಪೈಸೆ ಸರಿ. ಒಂದಾಣೆಗೆ 6, ಮೂರಾಣೆಗೆ 19 ಎಂದು ಶಾಲೆಯಲ್ಲಿ ಕಲಿಸಿದ್ದರು. ಈ ಲೆಕ್ಕ ಎಲ್ಲಿಂದ ಬಂತು? (ಚಿಂತಾಮಣಿ)

1957ರ ಏಪ್ರಿಲ್ 1ಕ್ಕೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಆ ಪೈಸೆಗೆ 3 ಪೈ. ಅಂದರೆ ರೂಪಾಯಿಗೆ 192 ಪೈ. ಆ ದಿನದಿಂದ ರೂಪಾಯಿಗೆ 100 ನಯಾ ಪೈಸೆಯಾಯಿತು. ನೂರನ್ನು ಹದಿನಾರರಿಂದ ಭಾಗಿಸಿದರೆ ಆಣೆಗೆ ಆರೂಕಾಲು. ಕಾಲು ಪೈಸೆಯ ನಾಣ್ಯ ಇಲ್ಲವಲ್ಲ, ಹಾಗಾಗಿ ಒಂದಾಣೆ 6, ಎರಡಾಣೆ 12, ಮೂರಾಣೆ (ಹದಿನೆಂಟೂಮುಕ್ಕಾಲು) 19, ನಾಲ್ಕಾಣೆ 25 ಎಂದು ಗೊತ್ತುಮಾಡಿದರು. ಇದರಲ್ಲೊಂದು ಸಣ್ಣ ಚಮತ್ಕಾರವಿತ್ತು: ಒಂದಾಣೆಯ ಸಾಮಾನನ್ನು ನಾಲ್ಕು ಸಲ ಬೇರೆ ಬೇರೆಯಾಗಿ ಕೊಂಡರೆ 24, ಒಟ್ಟಿಗೆ ಕೊಂಡರೆ 25. ‘ನಯಾ’ ಎಂಬ ವಿಶೇಷಣ ಹೋದದ್ದು 1964ರ ಜೂನ್ 1ರಂದು. ನಿಮ್ಮ ಡಬ್ಬಿಯಲ್ಲಿ ನಡುವೆ ತೂತಿನ ಕಾಸು ಇದ್ದರೆ ಅದು 1943–47ರ ನಡುವಿನದು. ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳೆಸಬೇಡಿ. ಸಂಗ್ರಾಹಕರು ತಿಕ್ಕಿದ ನಾಣ್ಯಕ್ಕೆ ಬೆಲೆ ಕೊಡುವುದಿಲ್ಲ.

ಪ್ರಶ್ನೆ: ಹಿತ್ತಾಳೆಯ ಪಂಪ್ ಸ್ಟೌ ತೊಳೆದಿಟ್ಟಿದ್ದೇನೆ. ಒಂದು ಸಲ ಹಚ್ಚಿ ನೋಡುವ ಆಸೆ. ಮೊನ್ನೆ ಹಚ್ಚಿದಾಗ ಹಳದಿ ಜ್ವಾಲೆ ಸೂರು ಮುಟ್ಟುವಂತೆ ಎದ್ದಿತು. (ಸಾಗರ)

ಬರ್ನರ್ ಕಾಯುವ ಮುಂಚೆ ಪಂಪ್ ಹೊಡೆದಿದ್ದೀರಿ. ಈ ಸ್ಟೌನಲ್ಲಿ ಉರಿಯುವುದು ಸೀಮೆಎಣ್ಣೆಯ ಆವಿ. ಬರ್ನರ್ ತಣ್ಣಗಿದ್ದರೆ ಎಣ್ಣೆ ಎಣ್ಣೆಯಾಗಿಯೇ ಚಿಮ್ಮಿ ಹಳದಿಯಾಗಿ ಉರಿಯುತ್ತದೆ. ಹಾಗಾದಾಗ ಊದಬೇಡಿ, ನೀರು ಹಾಕಬೇಡಿ. ಗಾಳಿಯ ತಿರುಪು ಸಡಿಲಿಸಿದರೆ ಒತ್ತಡ ಇಳಿದು ತಾನೇ ತಗ್ಗುತ್ತದೆ.

ಕ್ರಮ ಹೀಗೆ. ಟ್ಯಾಂಕಿಗೆ ಮುಕ್ಕಾಲಿಗಿಂತ ಹೆಚ್ಚು ಎಣ್ಣೆ ಬೇಡ, ಮೇಲೆ ಗಾಳಿಗೆ ಜಾಗವಿರಬೇಕು. ತಿರುಪು ಬಿಚ್ಚಿಟ್ಟು, ಬರ್ನರಿನ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಹಚ್ಚಿ. ಸ್ಪಿರಿಟ್ ಇನ್ನೇನು ಆರಬೇಕು ಎನ್ನುವಾಗ ತಿರುಪು ಬಿಗಿದು ನಾಲ್ಕೈದು ಸಲ ಪಂಪ್ ಮಾಡಿ. ಭೋರೆಂಬ ಸದ್ದಿನ ನೀಲಿ ಉರಿ ಬಂದರೆ ಮತ್ತಷ್ಟು ಹೊಡೆಯಬಹುದು.

ಉರಿ ಒಂದೇ ಪಕ್ಕಕ್ಕೆ ಬಂದರೆ ಆವಿ ಚಿಮ್ಮುವ ಸಣ್ಣ ತೂತಿನ ನಿಪ್ಪಲಿನಲ್ಲಿ ಮಸಿ ಕಟ್ಟಿದೆ. ಸ್ಟೌ ಪಿನ್ನಿನಿಂದಲೇ ಚುಚ್ಚಿ. ದಪ್ಪ ಸೂಜಿ ಹಾಕಿ ತೂತು ದೊಡ್ಡದಾಯಿತೋ, ಮುಂದೆ ಎಷ್ಟು ಕಾಯಿಸಿದರೂ ಹೊಗೆಯೇ. ಪಂಪ್ ಹಿಡಿ ಸಲೀಸಾಗಿ ಒಳಗೆ ಹೋಗುತ್ತಿದೆ, ಒತ್ತಡ ಏರುತ್ತಿಲ್ಲ ಎಂದರೆ ಚರ್ಮದ ವಾಷರ್ ಒಣಗಿದೆ. ಒಂದು ರಾತ್ರಿ ಹರಳೆಣ್ಣೆಯಲ್ಲಿ ನೆನೆಸಿ, ಅಂಚನ್ನು ಬೆರಳಲ್ಲಿ ಅಗಲಿಸಿ ಹಾಕಿ. ಹಿಡಿಯ ಬದಿಯಿಂದ ಎಣ್ಣೆಯೇ ಮೇಲೆ ಬರುತ್ತಿದ್ದರೆ ಮಾತ್ರ ಹಚ್ಚುವ ಆಸೆ ಬಿಡಿ. ಪಂಪಿನ ತಳದ ವಾಲ್ವ್ ಹೋಗಿರುತ್ತದೆ, ಗೊತ್ತಿರುವವರೇ ಬದಲಿಸಬೇಕು. ಸೀಮೆಎಣ್ಣೆ ಸಿಗಲಿಲ್ಲವೆಂದು ಪೆಟ್ರೋಲ್ ಹಾಕುವ ಯೋಚನೆ ಕನಸಿನಲ್ಲೂ ಬೇಡ. ಷೋಕೇಸಿನಲ್ಲಿಟ್ಟರೂ ಅದು ಚೆಂದವೇ.

ಪ್ರಶ್ನೆ: ಡ್ರಾಪರಿನಲ್ಲಿ ಶಾಯಿ ತುಂಬುವ ಹಳೆಯ ಪೆನ್ನು ಮೊದಮೊದಲು ಚೆನ್ನಾಗಿ ಬರೆಯುತ್ತದೆ, ಆಮೇಲೆ ಹನಿ ಹನಿ ಉದುರುತ್ತದೆ. (ಧಾರವಾಡ)

ಶಾಯಿ ಕಾಲುಭಾಗಕ್ಕೆ ಇಳಿದಾಗ ಒಳಗೆ ಗಾಳಿಯೇ ಹೆಚ್ಚು. ಕೈಯ ಬಿಸಿಗೆ ಅದು ಹಿಗ್ಗಿ ಶಾಯಿಯನ್ನು ತಳ್ಳುತ್ತದೆ. ಅರ್ಧ ಮುಗಿಯುತ್ತಲೇ ಮತ್ತೆ ತುಂಬಿಸಿ, ರೋಗ ಅಲ್ಲಿಗೆ ಮುಗಿಯಿತು. ಕುತ್ತಿಗೆಯ ತಿರುಪಿನ ಸುತ್ತಿನಲ್ಲಿ ಸೋರುತ್ತಿದ್ದರೆ ಅಲ್ಲಿಗೆ ಚೂರು ಸಿಲಿಕೋನ್ ಗ್ರೀಸ್ ಸವರಿ. ತೊಳೆಯಲು ತಣ್ಣೀರು ಮಾತ್ರ. ಬಿಸಿನೀರಿಗೆ ಕಪ್ಪು ಎಬೊನೈಟ್ ಕಂದು ಬಣ್ಣಕ್ಕೆ ತಿರುಗುತ್ತದೆ, ಮತ್ತೆ ಕಪ್ಪಾಗುವುದು ಕಷ್ಟ.

ಪ್ರಶ್ನೆ: ಕಡ್ಡಿಗೆ ಸಿಕ್ಕಿಸಿ ಚೀಪುತ್ತಿದ್ದ ಹುಣಸೆಹಣ್ಣಿನ ಕುಟ್ಟುಂಡೆಯ ಅಳತೆ ಹೇಳುವಿರಾ? ಮಿಕ್ಸಿಯಲ್ಲಿ ಮಾಡಿದ್ದು ಅಂಟಂಟಾಯಿತು. (ಹಾಸನ)

ಬೀಜ, ನಾರು ತೆಗೆದ ಹುಣಸೆಹಣ್ಣು 100 ಗ್ರಾಂ, ಬೆಲ್ಲ 75 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ ನಾಲ್ಕು, ಹುರಿದ ಜೀರಿಗೆ ಒಂದು ಚಮಚ, ಉಪ್ಪು ಮುಕ್ಕಾಲು ಚಮಚ. ಮಿಕ್ಸಿ ಬಿಸಿಯಾಗಿ ಬೆಲ್ಲ ಕರಗುತ್ತದೆ, ಅಂಟಾದದ್ದು ಅದಕ್ಕೇ. ಒರಳಿನಲ್ಲಿ ಮೊದಲು ಮೆಣಸಿನಕಾಯಿ, ಜೀರಿಗೆ, ಉಪ್ಪು ಪುಡಿಯಾಗಲಿ, ಆಮೇಲೆ ಹುಣಸೆಹಣ್ಣು, ಬೆಲ್ಲ ಕೊನೆಗೆ. ನೀರು ಒಂದು ಹನಿಯೂ ಬೇಡ, ಹಣ್ಣು ತೊಳೆಯುವುದೂ ಬೇಡ. ಹೊಸ ಹುಣಸೆಹಣ್ಣು ರಸವಾಗಿದ್ದು ಉಂಡೆ ನಿಲ್ಲದಿದ್ದರೆ ಅರ್ಧ ದಿನ ಬಿಸಿಲಿಗಿಡಿ. ಹಳೆಯ ಕಪ್ಪು ಹಣ್ಣಾದರೆ ಹುಳಿ ಜೋರು, ಬೆಲ್ಲ 100 ಗ್ರಾಂ ಮಾಡಿ. ಅಲ್ಯೂಮಿನಿಯಂ ಡಬ್ಬಿ ಬಿಟ್ಟು ಗಾಜಿನ ಸೀಸೆಯಲ್ಲಿಡಿ. ಕಡ್ಡಿಗೆ ಆಗ ಪೊರಕೆಯೇ ಆಧಾರ. ಈಗ ಐಸ್‌ಕ್ರೀಂ ಕಡ್ಡಿ ಸಿಗುತ್ತದೆ, ಅದನ್ನೇ ಬಳಸಿ.