ಸಾಮಾಜಿಕ ಜಾಲತಾಣಗಳ ಬಳಕೆ ನಮ್ಮ ಸಹಜತೆಯನ್ನೂ ಸಂಬಂಧಗಳನ್ನೂ ಹೇಗೆ ಬದಲಿಸುತ್ತದೆ?

ತನ್ನನ್ನು ಚೆನ್ನಾಗಿ ತೋರಿಸಿಕೊಳ್ಳುವ ಆಸೆ ಜಾಲತಾಣಗಳಿಂದ ಹುಟ್ಟಿದ್ದಲ್ಲ; ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ಯಾರದೋ ಕೈಗಡಿಯಾರ ಕಟ್ಟಿಕೊಂಡು ನಿಂತ ಅಜ್ಜಂದಿರ ಫೋಟೋಗಳು ಎಷ್ಟೋ ಮನೆಗಳಲ್ಲಿವೆ. ಬದಲಾಗಿರುವುದು ನೋಡುಗರ ಗುಂಪು. ಮೇಲಧಿಕಾರಿ, ಸೋದರತ್ತೆ, ಕಾಲೇಜಿನ ಗೆಳೆಯ ಎಲ್ಲರೂ ಒಂದೇ ಪಟ್ಟಿಯಲ್ಲಿರುವಾಗ, ಒಬ್ಬೊಬ್ಬರೊಡನೆ ಒಂದೊಂದು ಸಲುಗೆಯಿಂದ ಮಾತಾಡುತ್ತಿದ್ದ ವ್ಯಕ್ತಿ ಯಾರಿಗೂ ಇರುಸುಮುರುಸಾಗದ ಒಂದೇ ಮುಖವನ್ನು ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. 2009ರಲ್ಲಿ ಫೇಸ್‌ಬುಕ್ ತಂದ ಲೈಕ್ ಗುಂಡಿ ಆ ಮುಖಕ್ಕೆ ಅಂಕವನ್ನೂ ಕೊಡತೊಡಗಿತು. ಆ ಎಣಿಕೆಯ ಒತ್ತಡದ ಬಗ್ಗೆ ಟೀಕೆಗಳು ಬೆಳೆದು, 2021ರಲ್ಲಿ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಲೈಕ್‌ಗಳ ಸಂಖ್ಯೆಯನ್ನು ಮರೆಮಾಡುವ ಆಯ್ಕೆಯನ್ನು ಕೊಟ್ಟವು.

ಸಂಬಂಧಗಳಲ್ಲಿ ನಷ್ಟ ಸದ್ದಿಲ್ಲದೆ ಆಗುತ್ತದೆ. ಚಿಕ್ಕಪ್ಪನ ಹುಟ್ಟುಹಬ್ಬಕ್ಕೆ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರು ಹಾಕಿದ ಕೇಕಿನ ಚಿತ್ರವನ್ನೇ ಉಳಿದವರೂ ಹಾಕುತ್ತಾರೆ. ಶುಭಾಶಯ ಹೇಳಿಯಾಯಿತೆಂಬ ಸಮಾಧಾನ ಅಲ್ಲಿಗೇ ಸಿಕ್ಕಿಬಿಡುವುದರಿಂದ ಕರೆ ಮಾತ್ರ ಯಾರೂ ಮಾಡುವುದಿಲ್ಲ. ಇದು ಫೋನಿನ ದೋಷ ಎನ್ನುವುದಕ್ಕಿಂತ, ಒಬ್ಬರಿಗೆ ಹೇಳಬೇಕಾದದ್ದನ್ನು ಎಲ್ಲರೆದುರು ಹೇಳಿ ಮುಗಿಸುವ ಅಭ್ಯಾಸದ ದೋಷವೆಂದು ನನ್ನ ಅಭಿಪ್ರಾಯ. ದುಬೈಯಲ್ಲಿರುವ ಮಗ ವಿಡಿಯೊ ಕರೆ ಮಾಡಿ, ಒಲೆಯ ಮೇಲಿನ ಪಾತ್ರೆಯನ್ನು ತೋರಿಸುತ್ತ, ಸಾರಿಗೆ ಹುಳಿ ಎಷ್ಟು ಹಾಕಲೆಂದು ಮಂಗಳೂರಿನ ತಾಯಿಯನ್ನು ಕೇಳುವುದೂ ಅದೇ ಫೋನಿನಲ್ಲಿ.